ಮೊದಲ ವರ್ಷದ ಅನುಭವ ಎಲ್ಲಿ ಸಿಗುತ್ತದೆ?

ವಿದ್ಯಾರ್ಥಿನಿಯೊಬ್ಬಳ ಮೈಕ್ರೊಬಯಾಲಜಿ ರೆಕಾರ್ಡ್ ಪುಸ್ತಕ ನನ್ನ ಮೇಜಿನ ಮೇಲಿದೆ. ಕಂದು ಕಾಗದದ ರಟ್ಟು, ಎಡ ಪುಟದಲ್ಲಿ ಪೆನ್ಸಿಲಿನ ಚಿತ್ರ, ಬಲ ಪುಟದಲ್ಲಿ ದುಂಡನೆಯ ಅಕ್ಷರ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಎಣಿಸುವ ಪ್ರಯೋಗದಲ್ಲಿ ಒಂದು ಅಂಕಿ ತಪ್ಪಿತ್ತೆಂದು ಕಾಣುತ್ತದೆ. ಅದರ ಮೇಲೆ ವೈಟ್‌ನರ್ ಹಚ್ಚಿ, ಒಣಗಿದ ಮೇಲೆ ಸರಿಯಾದ ಅಂಕಿ ಬರೆದಿದ್ದಾಳೆ. ಪಕ್ಕದಲ್ಲಿ ಮೇಷ್ಟರ ಕೆಂಪು ಸಹಿ. ಅಚ್ಚುಕಟ್ಟಾದ ಪುಟ, ಪೂರ್ತಿ ಅಂಕ.

ಇದೇ ಹುಡುಗಿ ಔಷಧ ಕಂಪನಿಯ ಕ್ಯೂಸಿ (ಗುಣಮಟ್ಟ ನಿಯಂತ್ರಣ) ಲ್ಯಾಬಿಗೆ ಕಾಲಿಟ್ಟರೆ ಮೊದಲ ದಿನ ಕೇಳುವ ಮಾತು, ವೈಟ್‌ನರ್ ಮುಟ್ಟಬಾರದು ಎಂಬುದು. ತಪ್ಪಿದ ಅಂಕಿಯ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಹಳೆಯ ಅಂಕಿ ಓದಲು ಬರುವಂತಿರಬೇಕು. ಪಕ್ಕದಲ್ಲಿ ಹೊಸ ಅಂಕಿ, ಸಹಿ, ದಿನಾಂಕ, ತಪ್ಪಿಗೆ ಕಾರಣ. ಬರೆಯದೆ ಬಿಟ್ಟ ಕೆಲಸ ಅಲ್ಲಿ ಮಾಡದ ಕೆಲಸಕ್ಕೆ ಸಮ. ಕಾಲೇಜು ಪುಟ ಅಂದವಾಗಿರಲಿ ಎನ್ನುತ್ತದೆ, ಕಾರ್ಖಾನೆ ತಪ್ಪೂ ಕಾಣಲಿ ಎನ್ನುತ್ತದೆ. ಇದನ್ನು ಕಲಿಸಲು ಅರ್ಧ ಗಂಟೆ ಸಾಕು. ಆದರೆ ಆ ಅರ್ಧ ಗಂಟೆ ಸಿಗುವುದು ಲ್ಯಾಬಿನ ಒಳಗೆ ಹೋದವರಿಗೆ. ಒಳಗೆ ಹೋಗಬೇಕಾದರೆ ಅರ್ಜಿಯಲ್ಲಿ ಒಂದು ವರ್ಷದ ಅನುಭವ ಕಾಣಿಸಬೇಕು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಾಲೇಜುಗಳಿಂದ ಪ್ರತಿವರ್ಷ ಜೀವವಿಜ್ಞಾನ ಓದಿದವರು ಹೊರಬರುತ್ತಾರೆ. ದೇಶದ ಬಯೋಟೆಕ್ ರಾಜಧಾನಿ ಎಂದು ಕರೆಸಿಕೊಳ್ಳುವ ಬೆಂಗಳೂರು ಇಲ್ಲಿಂದ ಎರಡು ಮೂರು ಗಂಟೆಯ ದಾರಿ. ಇಷ್ಟು ಹತ್ತಿರವಿದ್ದೂ ಇವೆರಡರ ನಡುವೆ ದಾರಿ ಏಕೆ ಇಷ್ಟು ಕಿರಿದು? ಇಪ್ಪತ್ತೈದು ವರ್ಷಗಳಿಂದ ಇದಕ್ಕೆ ಹಲವು ಉತ್ತರಗಳು ಬಂದಿವೆ. ಒಂದೊಂದರಲ್ಲೂ ಸತ್ಯವಿದೆ, ಒಂದೊಂದೂ ಏನನ್ನೋ ಬಿಡುತ್ತದೆ.

ಗ್ಯಾರೇಜಿನಿಂದ ಬೊಮ್ಮಸಂದ್ರಕ್ಕೆ

ಬೆಂಗಳೂರಿನಲ್ಲಿ ಜೀವರಸಾಯನಶಾಸ್ತ್ರದ ಬೇರು ಹಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆ ವಿಭಾಗ 1921ರಲ್ಲೇ ಆರಂಭವಾಗಿತ್ತು. ಅದು ಉದ್ಯಮವಾದದ್ದು 1978ರಲ್ಲಿ, ಕಿರಣ್ ಮಜುಂದಾರ್ ಅವರು ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ತೆರೆದಾಗ. ಮೊದಲ ಸರಕು ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೇನ್ ಎಂಬ ಕಿಣ್ವ. 1993ರಲ್ಲಿ ಸಿಂಜೀನ್ ಬಂತು. ಬೇರೆ ಕಂಪನಿಗಳಿಗಾಗಿ ಸಂಶೋಧನೆ ಮಾಡಿಕೊಡುವ ಗುತ್ತಿಗೆಯ ಕೆಲಸ ಅದರದು. ಇವತ್ತು ಬೆಂಗಳೂರಿನಲ್ಲಿ ಜೀವವಿಜ್ಞಾನ ಓದಿದವರಿಗೆ ಸಿಗುವ ಕೆಲಸದ ದೊಡ್ಡ ಪಾಲು ಈ ಬಗೆಯ ಗುತ್ತಿಗೆ ಸಂಶೋಧನೆಯಲ್ಲಿದೆ. 2000ದಲ್ಲಿ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸ್ಟ್ರ್ಯಾಂಡ್ ಕಂಪನಿ ಕಟ್ಟಿದರು, 2001ರಲ್ಲಿ ಆರಿಜೀನ್ ಬಂತು, 2006ರಲ್ಲಿ ಆಂಥೆಮ್ ಬಯೋಸೈನ್ಸಸ್.

ಸರ್ಕಾರದ ಕಡೆಯಿಂದ ನೋಡಿದರೆ 2001 ದೊಡ್ಡ ವರ್ಷ. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ರಾಜ್ಯ ತನ್ನ ಮೊದಲ ಜೈವಿಕ ತಂತ್ರಜ್ಞಾನ ನೀತಿ ತಂದಿತು. ಬಯೋಇನ್ಫರ್ಮ್ಯಾಟಿಕ್ಸ್ ಕಲಿಸಲು ಐಬ್ಯಾಬ್ ಎಂಬ ಸಂಸ್ಥೆ ತೆರೆಯಿತು. ಧಾರವಾಡಕ್ಕೆ ಕೃಷಿ ಬಯೋಟೆಕ್, ಕಾರವಾರಕ್ಕೆ ಸಾಗರ ಬಯೋಟೆಕ್ ಎಂದು ನಕ್ಷೆ ಬರೆಯಲಾಯಿತು. ಅದೇ 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗೆ ಬೀಗ ಬಿತ್ತು. ನೂರು ವರ್ಷಕ್ಕೂ ಮಿಕ್ಕಿ ಈ ಜಿಲ್ಲೆಗೆ ಸಂಬಳ ತಂದುಕೊಡುತ್ತಿದ್ದ ಉದ್ಯಮ ಮುಚ್ಚಿದ ವರ್ಷವೇ ಪಕ್ಕದ ಊರಿನಲ್ಲಿ ಹೊಸ ಉದ್ಯಮಕ್ಕೆ ಬಾಗಿಲು ತೆರೆಯಿತು. ಆ ನಕ್ಷೆಯಲ್ಲಿ ಕೋಲಾರ ಇರಲಿಲ್ಲ. ಇಂದಿನ 'ಬೆಂಗಳೂರಿನಾಚೆ' ಎಂಬ ಯೋಜನೆಯೂ ಮೈಸೂರು, ಮಂಗಳೂರು, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳನ್ನು ಕೇಂದ್ರವಾಗಿಟ್ಟುಕೊಂಡಿದೆ. ಆಚೆಯ ಊರು ಎನಿಸಿಕೊಳ್ಳಲು ಕೋಲಾರ ತೀರ ಹತ್ತಿರ, ಬೆಂಗಳೂರು ಎನಿಸಿಕೊಳ್ಳಲು ತೀರ ದೂರ. ನನ್ನ ಮಟ್ಟಿಗೆ ಈ ಕಥೆಯ ಮುಖ್ಯ ಗಂಟು ಇದೇ.

ಅದೇ ಅವಧಿಯಲ್ಲಿ ಪದವಿ ಕಾಲೇಜುಗಳು ಬದಲಾದವು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಹಳೆಯ 'ಸಿಬಿಝಡ್' ಪಕ್ಕದಲ್ಲಿ ಬಯೋಟೆಕ್ನಾಲಜಿ, ಮೈಕ್ರೊಬಯಾಲಜಿ, ಬಯೋಕೆಮಿಸ್ಟ್ರಿಗಳ ಜೋಡಣೆಗಳು ಬಂದವು. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರಾಗಿ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರದ ಟಮಕದಲ್ಲಿ ಕೆಲಸ ಆರಂಭಿಸಿತು. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವೆ ಸೇರಿದ ಹುಡುಗ ಹುಡುಗಿಯರು ತಮ್ಮ ಪಠ್ಯಕ್ರಮ ಯಾವುದೆಂದು ಸೀನಿಯರ್‌ಗಳನ್ನು ಕೇಳುವಂತಿರಲಿಲ್ಲ, ಸೀನಿಯರ್‌ಗಳು ಓದಿದ್ದೇ ಬೇರೆ.

ಕೈ ಪಳಗಿಲ್ಲ ಎನ್ನುವವರು

ಎಲ್ಲಕ್ಕಿಂತ ಜೋರಾಗಿ ಕೇಳುವ ದನಿ ಇದು. ಕಂಪನಿಯವರ ಸಭೆಗಳಲ್ಲಿ, ಸರ್ಕಾರದ ನೀತಿಗಳಲ್ಲಿ, ಪತ್ರಿಕೆಗಳ ಉದ್ಯೋಗ ಪುಟದಲ್ಲಿ ಇದೇ ಮಾತು. ಪದವಿ ಇದೆ, ಕೈಯಲ್ಲಿ ಕೆಲಸವಿಲ್ಲ. ಪಿಸಿಆರ್ ಎಂದರೇನೆಂದು ಎರಡು ಪುಟ ಬರೆಯುತ್ತಾರೆ, ಮೈಕ್ರೊಪಿಪೆಟ್ ಹಿಡಿದರೆ ಐದು ಮೈಕ್ರೊಲೀಟರ್ ಎತ್ತಲು ಬರುವುದಿಲ್ಲ. ಔಷಧದ ಶುದ್ಧತೆ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಚಿತ್ರ ಬಿಡಿಸುತ್ತಾರೆ, ಯಂತ್ರವನ್ನೇ ನೋಡಿಲ್ಲ.

ಈ ದೂರಿನಲ್ಲಿ ಹುರುಳಿದೆ. ಮೈಕ್ರೊಪಿಪೆಟ್ಟಿಗೆ ಎರಡು ಹಂತದ ಗುಂಡಿ. ಮೊದಲ ತಡೆಯವರೆಗೆ ಒತ್ತಿ ದ್ರವ ಎಳೆದುಕೊಳ್ಳಬೇಕು, ಬಿಡುವಾಗ ಎರಡನೇ ತಡೆಯವರೆಗೆ ಒತ್ತಬೇಕು. ಎಳೆಯುವಾಗಲೇ ಪೂರ್ತಿ ಒತ್ತಿದರೆ ಅಳತೆ ಕೆಟ್ಟಿತು. ಆ ತಡೆ ಎಲ್ಲಿದೆಯೆಂದು ಹೆಬ್ಬೆರಳಿಗೆ ತಿಳಿಯಬೇಕು, ಅದು ಓದಿ ಬರುವುದಲ್ಲ. ಮೂವತ್ತು ಜನರ ಬ್ಯಾಚಿನ ನಡುವೆ ಒಂದು ಪಿಪೆಟ್ ಸುತ್ತಿದರೆ ಒಬ್ಬೊಬ್ಬರ ಪಾಲಿಗೆ ಒಂದೋ ಎರಡೋ ಸಲ.

ಈ ವಾದದಿಂದ ಹುಟ್ಟಿದ ವ್ಯವಸ್ಥೆಗಳೂ ಸಾಕಷ್ಟಿವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಪದವೀಧರರನ್ನು ಆರು ತಿಂಗಳು ಕಂಪನಿಗೆ ಕಳಿಸಿ ಸ್ಟೈಪೆಂಡ್ ಕೊಡುವ ತರಬೇತಿಯನ್ನು ವರ್ಷಾನುಗಟ್ಟಲೆ ನಡೆಸಿತು. ರಾಜ್ಯ ಸರ್ಕಾರ ಬಯೋಟೆಕ್ ಫಿನಿಶಿಂಗ್ ಸ್ಕೂಲುಗಳನ್ನು ತೆರೆಯಿತು, ಮುಂದೆ ಅದೇ ದಾರಿಯಲ್ಲಿ 'ಬೈಸೆಪ್' ಬಂತು. ಎರಡೂ ತರಗತಿಯ ಜೊತೆಗೆ ಕಂಪನಿಯ ಇಂಟರ್ನ್‌ಶಿಪ್ ಸೇರಿಸಿದ ಪಿ.ಜಿ. ಡಿಪ್ಲೊಮಾಗಳು. 2013ರಲ್ಲಿ ಬಯೋಕಾನ್ ತನ್ನದೇ ಅಕಾಡೆಮಿ ಕಟ್ಟಿತು, ಅಮೆರಿಕದ ಕೆಕ್ ಗ್ರಾಜುಯೇಟ್ ಇನ್‌ಸ್ಟಿಟ್ಯೂಟ್ ಅದಕ್ಕೆ ಜೊತೆಯಾಯಿತು. ಹೊರದೇಶದ ಒಳ್ಳೆಯ ಉದಾಹರಣೆ ಐರ್ಲೆಂಡಿನದು. ಡಬ್ಲಿನ್‌ನಲ್ಲಿ 2011ರಲ್ಲಿ ತೆರೆದ ನಿಬರ್ಟ್ ಎಂಬ ಕೇಂದ್ರವನ್ನು ನಿಜವಾದ ಕಾರ್ಖಾನೆಯ ತದ್ರೂಪವಾಗಿ ಕಟ್ಟಿದ್ದಾರೆ, ಹಣ ಹಾಕಿದ್ದು ಅಲ್ಲಿನ ಸರ್ಕಾರ. ಕಲಿಯುವವನು ಬಯೋರಿಯಾಕ್ಟರ್ ಹಾಳುಮಾಡಿದರೂ ಯಾವ ರೋಗಿಯ ಔಷಧವೂ ಕೆಡುವುದಿಲ್ಲ.

ಇಷ್ಟಿದ್ದೂ ಈ ವಾದ ಒಂದು ಪ್ರಶ್ನೆಯನ್ನು ದಾಟಿಕೊಂಡು ಹೋಗುತ್ತದೆ. ಪಿಪೆಟ್ ಹಿಡಿಯಲು ಕಲಿಯುವುದಕ್ಕೆ ಹೆಚ್ಚೆಂದರೆ ಕೆಲವು ವಾರ ಬೇಕು. ಅಷ್ಟನ್ನು ಕಂಪನಿಯೇ ಏಕೆ ಕಲಿಸಬಾರದು? ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಬರೆದ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಎಲ್ಲ ಕಂಪನಿಗಳಿಗೂ ಬೇಕಾದ ಕೌಶಲವನ್ನು ಕಲಿಸಲು ಯಾವ ಕಂಪನಿಯೂ ಕೈಯಿಂದ ಹಣ ಹಾಕುವುದಿಲ್ಲ, ಕಲಿತವನು ನಾಳೆ ಪಕ್ಕದ ಗೇಟಿಗೆ ಹೋಗಬಹುದು. ಹಾಗಾದರೆ ಕಲಿಕೆಯ ಖರ್ಚು ಬೀಳುವುದು ಕಲಿಯುವವನ ಮೇಲೆ, ಎಂದರೆ ಮುಳಬಾಗಿಲಿನ ಅಪ್ಪ ಅಮ್ಮನ ಮೇಲೆ. ಕೌಶಲದ ಕೊರತೆ ಎಂಬ ಮಾತಿನ ಹಿಂದೆ ಖರ್ಚು ಯಾರದು ಎಂಬ ಜಗಳ ಅಡಗಿದೆ.

ಕೆಲಸವೇ ಕಡಿಮೆ ಎನ್ನುವವರು

ಎರಡನೆಯ ಪಂಥದವರು ಉಪನ್ಯಾಸಕರ ಕೊಠಡಿಯಲ್ಲಿ ಹೆಚ್ಚು, ವೇದಿಕೆಯ ಮೇಲೆ ಕಡಿಮೆ. ಹುಡುಗರಲ್ಲಿ ದೋಷ ಹುಡುಕಬೇಡಿ, ಕೆಲಸಗಳೇ ಅಷ್ಟಿಲ್ಲ ಎನ್ನುತ್ತಾರೆ ಇವರು. ಸಾಫ್ಟ್‌ವೇರ್ ಕಂಪನಿ ಬೆಳೆದರೆ ಮೇಜು ಕುರ್ಚಿ ಕಂಪ್ಯೂಟರ್ ಹಾಕಿ ಸಾವಿರ ಜನರನ್ನು ತೆಗೆದುಕೊಳ್ಳುತ್ತದೆ. ಬಯೋಟೆಕ್ ಕಂಪನಿ ಬೆಳೆದರೆ ಹಣ ಹೋಗುವುದು ಉಕ್ಕಿನ ಟ್ಯಾಂಕಿಗೆ, ಶುದ್ಧ ಗಾಳಿಗೆ, ಶುದ್ಧ ನೀರಿಗೆ, ಪರವಾನಗಿಗೆ. ಜನ ಬೇಕು, ಅಷ್ಟೊಂದು ಬೇಡ. ಐಟಿಯ ಹಾಗೆಯೇ ಬಿಟಿ ಎಂದು ಪ್ರಾಸ ಕಟ್ಟಿ ಒಂದು ತಲೆಮಾರನ್ನು ನಂಬಿಸಿದ್ದು ತಪ್ಪಾಯಿತು ಎಂಬುದು ಇವರ ನೋವು. ನಾನು ಅದನ್ನು ಒಪ್ಪುತ್ತೇನೆ.

ಇನ್ನೊಂದು ವಿಷಯವನ್ನು ವಿದ್ಯಾರ್ಥಿಗಳಿಗೆ ಯಾರೂ ಮೊದಲೇ ಹೇಳುವುದಿಲ್ಲ. ಬಯೋಟೆಕ್ ಕಂಪನಿಯ ಕೆಲಸವೆಲ್ಲ ಬಯೋಟೆಕ್ ಓದಿದವರದಲ್ಲ. ಎಚ್‌ಪಿಎಲ್‌ಸಿ ಮುಂದೆ ಕೂರುವವರು ಬಹುಪಾಲು ರಸಾಯನಶಾಸ್ತ್ರದ ಎಂ.ಎಸ್ಸಿ. ಅಥವಾ ಫಾರ್ಮಸಿ ಓದಿದವರು. ಟ್ಯಾಂಕು, ಪೈಪು, ವಾಲ್ವ್ ನೋಡಿಕೊಳ್ಳುವವರು ಎಂಜಿನಿಯರುಗಳು ಮತ್ತು ಡಿಪ್ಲೊಮಾದವರು. ಉಳಿದದ್ದರಲ್ಲಿ ಜೀವವಿಜ್ಞಾನದವರಿಗೆ ಜೀವಕೋಶ ಬೆಳೆಸುವುದು, ಸೂಕ್ಷ್ಮಜೀವಿ ಪರೀಕ್ಷೆ, ದಾಖಲೆ, ಗುಣಮಟ್ಟದ ಖಾತರಿ.

ಇರುವ ಕೆಲಸವೂ ಅಲುಗಾಡುತ್ತಿರುತ್ತದೆ. 2014ರ ಆರಂಭದಲ್ಲಿ ಆಸ್ಟ್ರಾಜೆನೆಕಾ ತನ್ನ ಬೆಂಗಳೂರಿನ ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ ಸಾರಿತು. ಕ್ಷಯ, ಮಲೇರಿಯಾಗಳಿಗೆ ಔಷಧ ಹುಡುಕುತ್ತಿದ್ದ ಕೇಂದ್ರ ಅದು. ಅಲ್ಲಿಂದ ಹೊರಬಂದ ಕೆಲವು ಹಿರಿಯ ವಿಜ್ಞಾನಿಗಳು ಅದೇ ವರ್ಷ ಬಗ್‌ವರ್ಕ್ಸ್ ಎಂಬ ಹೊಸ ಕಂಪನಿ ಕಟ್ಟಿದರು, ಪ್ರತಿಜೀವಕಗಳ ಸಂಶೋಧನೆ ಮುಂದುವರಿಸಿದರು. ಮೂವತ್ತು ವರ್ಷದ ಅನುಭವವಿದ್ದವರು ಕಂಪನಿ ಕಟ್ಟಬಲ್ಲರು. ಎರಡು ವರ್ಷದ ಅನುಭವವಿದ್ದವರು ಮತ್ತೆ ವಾಕ್-ಇನ್ ಸಾಲಿನಲ್ಲಿ ನಿಲ್ಲಬೇಕು, ಹೊಸದಾಗಿ ಓದು ಮುಗಿಸಿ ಬಂದವರ ಮುಂದೆ. ಹಾಗೆ ನಿಂತಾಗ ಫ್ರೆಶರ್‌ನ ಸರದಿ ಇನ್ನಷ್ಟು ಹಿಂದೆ ಹೋಗುತ್ತದೆ.

ಕೆಲಸ ಕಡಿಮೆ ಎನ್ನುವ ಈ ವಾದ ಒಂದನ್ನು ಮಾತ್ರ ವಿವರಿಸುವುದಿಲ್ಲ. ಇರುವ ಕಡಿಮೆ ಕೆಲಸದಲ್ಲೂ ಬೆಂಗಳೂರಿನ ಹೆಸರಾಂತ ಕಾಲೇಜಿನವರಿಗೆ ಸಿಗುವ ಪಾಲು, ಶ್ರೀನಿವಾಸಪುರದವರಿಗೆ ಏಕೆ ಸಿಗುವುದಿಲ್ಲ?

ಹೇಳುವವರು ಬೇಕು

1973ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಬರೆದ ಪ್ರಬಂಧದ ತಿರುಳು ಇಷ್ಟು: ಕೆಲಸದ ಸುದ್ದಿ ನಮಗೆ ಹೆಚ್ಚಾಗಿ ಬರುವುದು ಆಪ್ತರಿಂದಲ್ಲ, ಅಪರೂಪಕ್ಕೆ ಭೇಟಿಯಾಗುವ ಪರಿಚಯದವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಲೋಕದ ಸುದ್ದಿ ತರುತ್ತಾರೆ.

ಈ ತಾಲ್ಲೂಕುಗಳಲ್ಲಿ ನೆಂಟರಿಗೂ ಪರಿಚಯದವರಿಗೂ ಬರವಿಲ್ಲ. ಕೆಎಸ್ಆರ್‌ಟಿಸಿಯಲ್ಲಿ ಡ್ರೈವರ್ ಆಗಿರುವ ಮಾವ, ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಚಿಕ್ಕಪ್ಪ, ಇದೇ ಜಿಲ್ಲೆಯ ನರಸಾಪುರದಲ್ಲಿ ಫೋನ್ ಜೋಡಿಸುವ ಅಕ್ಕ, ಎಲ್ಲರೂ ಇದ್ದಾರೆ. ಫೋನ್ ಕಾರ್ಖಾನೆಗೆ ಜನ ಬೇಕೆಂದರೆ ಅದೇ ಸಂಜೆ ಹಳ್ಳಿಗೆ ಗೊತ್ತಾಗುತ್ತದೆ. ಬಿ.ಎಸ್ಸಿ. ಮುಗಿಸಿದವರೂ ಆ ಬಸ್ಸು ಹತ್ತುತ್ತಾರೆ. ಆದರೆ ಕ್ಯೂಸಿ ಲ್ಯಾಬಿನಲ್ಲಿ ಮೂರು ಜನ ಬೇಕಾಗಿದ್ದಾರೆ ಎಂಬ ಸುದ್ದಿ ತರುವ ಪರಿಚಯ ಈ ಬಳಗದಲ್ಲಿ ಇಲ್ಲ. ಆ ಸುದ್ದಿ ಒಳಗಿರುವವರ ರೆಫರೆನ್ಸಿನಲ್ಲೇ ಓಡಾಡುತ್ತದೆ. ಮೊದಲ ಮನುಷ್ಯ ಒಳಗೆ ಹೋಗದೆ ಎರಡನೆಯವರಿಗೆ ಹೇಳುವವರಿಲ್ಲ.

ಭಾಷೆಯ ಮಾತೂ ಇಲ್ಲಿಯೇ ಬರಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು. ಶಾಲೆಯಲ್ಲಿ ಕನ್ನಡ, ಬಿ.ಎಸ್ಸಿ. ಪುಸ್ತಕ ಇಂಗ್ಲಿಷ್. ಸಂದರ್ಶನದಲ್ಲಿ ಮತ್ತೊಂದು ಬಗೆಯ ಇಂಗ್ಲಿಷ್, ಎದುರು ಕೂತವರ ಮುಖ ನೋಡಿ ಮಾತು ಹೊಂದಿಸಿಕೊಳ್ಳುವಂಥದ್ದು. ಡಿ.ವಿ. ಗುಂಡಪ್ಪನವರ ಊರು ಮುಳಬಾಗಿಲು, ಮಾಸ್ತಿಯವರ ಊರು ಮಾಲೂರು ತಾಲ್ಲೂಕಿನದು. ಮೂರು ಭಾಷೆ ಬಲ್ಲವರ ನಾಡಿನ ಮಕ್ಕಳು ಒಂದು ಭಾಷೆಯಲ್ಲಿ ತಡವರಿಸಿದರೆಂದು 'ಕಮ್ಯುನಿಕೇಶನ್ ಸ್ಕಿಲ್ಸ್ ಇಲ್ಲ' ಎಂಬ ಷರಾ ಬೀಳುವುದನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ. ಬ್ಯಾಚ್ ದಾಖಲೆ ತುಂಬಲು ಬೇಕಾದ ಇಂಗ್ಲಿಷ್ ಬೇರೆ, ಸಂದರ್ಶನ ಗೆಲ್ಲಲು ಬೇಕಾದದ್ದು ಬೇರೆ. ಕಂಪನಿಗಳು ಎರಡನೆಯದನ್ನು ಅಳೆದು ಮೊದಲನೆಯದಕ್ಕೆ ಕೆಲಸ ಕೊಡುತ್ತವೆ.

ದಾರಿಯ ಲೆಕ್ಕ

ಚಿನ್ನದ ಗಣಿಯ ಊರು ಕೆಜಿಎಫ್‌ನ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ವೈಟ್‌ಫೀಲ್ಡ್, ಕೆ.ಆರ್. ಪುರದತ್ತ ಹೋಗುತ್ತದೆ. ಗಣಿ ಮುಚ್ಚಿದ ಮೇಲೆ ಕೆಜಿಎಫ್ ಬದುಕಿದ್ದೇ ಈ ರೈಲುಗಳಿಂದ. ಮಾಲೂರಿನಲ್ಲಿ ಹತ್ತುವವರಿಗೆ ಸೀಟಿನ ಆಸೆಯಿಲ್ಲ, ಬಾಗಿಲ ಹತ್ತಿರ ಒಂದು ಕಾಲಿಗೆ ಜಾಗ ಸಿಕ್ಕರೆ ಸಾಕು. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಗೆ ಹೋಗುವವರಿಗೆ ಇದು ನೇರ ದಾರಿ. ಬಯೋಟೆಕ್ ಕಂಪನಿಗಳು ಹೆಚ್ಚಾಗಿರುವುದು ಹೊಸೂರು ರಸ್ತೆಯ ಕಡೆ, ಎಲೆಕ್ಟ್ರಾನಿಕ್ ಸಿಟಿ, ಹೆಬ್ಬಗೋಡಿ, ಬೊಮ್ಮಸಂದ್ರದಲ್ಲಿ. ಅಲ್ಲಿನ ಹೀಲಲಿಗೆ ನಿಲ್ದಾಣ ಬೇರೆ ಹಳಿಯ ಮೇಲಿದೆ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಬಂತು. ಮಾಲೂರಿನವರು ಅದನ್ನು ಹಿಡಿಯಬೇಕಾದರೆ ವೈಟ್‌ಫೀಲ್ಡ್‌ನಲ್ಲಿ ನೇರಳೆ ಮಾರ್ಗ, ಮೆಜೆಸ್ಟಿಕ್‌ನಲ್ಲಿ ಹಸಿರು, ಆರ್.ವಿ. ರೋಡಿನಲ್ಲಿ ಹಳದಿ ಎಂದು ಊರನ್ನೇ ಸುತ್ತಬೇಕು. ಸರ್ಜಾಪುರ, ಅತ್ತಿಬೆಲೆಯ ರಸ್ತೆ ಹತ್ತಿರ, ಆದರೆ ಅಲ್ಲಿ ಸ್ವಂತ ಗಾಡಿ ಅಥವಾ ಕಂಪನಿಯ ಬಸ್ಸು ಬೇಕು. ಮುಳಬಾಗಿಲಿಗೆ ರೈಲೇ ಇಲ್ಲ. ಶ್ರೀನಿವಾಸಪುರಕ್ಕೆ ಇದೆ, ಅದು ಕೋಲಾರದಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ಮಾರ್ಗ.

ಜೀವವಿಜ್ಞಾನದ ತರಗತಿಗಳಲ್ಲಿ ಹುಡುಗಿಯರೇ ಹೆಚ್ಚು. ಹಾಗಾಗಿ ದಾರಿಯ ಲೆಕ್ಕ ಎಂದರೆ ಮೊದಲು ಅವರ ಲೆಕ್ಕ. 2023ರ ಜೂನ್‌ನಲ್ಲಿ ಬಂದ, ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಸ್ಸಿನ ಖರ್ಚು ಇಳಿಸಿತು, ಸಮಯ ಇಳಿಸಲಿಲ್ಲ. ಈ ಉದ್ಯಮದ ಸ್ವಭಾವವೂ ಕಷ್ಟದ್ದು. ಬಯೋರಿಯಾಕ್ಟರಿನಲ್ಲಿ ಪ್ರಾಣಿಕೋಶ ಬೆಳೆಸುವ ಒಂದು ಬ್ಯಾಚ್ ಎರಡು ವಾರದವರೆಗೆ ನಡೆಯುತ್ತದೆ. ಆಮ್ಲಜನಕ, ಆಮ್ಲೀಯತೆ, ಸಕ್ಕರೆಯ ಮಟ್ಟ ರಾತ್ರಿ ಎರಡು ಗಂಟೆಗೂ ನೋಡಬೇಕು. ಅಂದರೆ ಪಾಳಿ. ಕಾರ್ಖಾನೆಗಳಲ್ಲಿ ಹೆಂಗಸರು ರಾತ್ರಿ ಪಾಳಿ ಮಾಡಲು 2019ರ ಅಧಿಸೂಚನೆ, 2023ರ ತಿದ್ದುಪಡಿಗಳು ಷರತ್ತಿನೊಂದಿಗೆ ದಾರಿ ತೆರೆದಿವೆ. ಕಾನೂನು ಬಿಟ್ಟರೂ ಮನೆಯಲ್ಲಿ ಬಿಡಬೇಕು. ಬಿಟ್ಟರೆ ಬೊಮ್ಮಸಂದ್ರದಲ್ಲಿ ಪೇಯಿಂಗ್ ಗೆಸ್ಟ್ ಕೊಠಡಿ ಹಿಡಿಯಬೇಕು, ಮೊದಲ ಸಂಬಳದ ಗಣನೀಯ ಪಾಲು ಅದಕ್ಕೇ.

ಇದಕ್ಕೆ ಹೆಣೆದುಕೊಂಡ ದೊಡ್ಡ ವಾದವೊಂದಿದೆ. ಬಯೋಟೆಕ್ ಕಂಪನಿಗಳು ದೊಡ್ಡ ವಿಜ್ಞಾನಿಗಳಿರುವ ಸಂಸ್ಥೆಗಳ ಸುತ್ತಲೇ ಹುಟ್ಟುತ್ತವೆ ಎಂದು ಅಮೆರಿಕದ ಸಂಶೋಧಕರಾದ ಲಿನ್ ಝುಕರ್ ಮತ್ತು ಮೈಕೆಲ್ ಡಾರ್ಬಿ 1990ರ ದಶಕದಲ್ಲಿ ತೋರಿಸಿದರು. ವಿಜ್ಞಾನ ಸಂಸ್ಥೆ, ಜಿಕೆವಿಕೆ ಆವರಣದ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್, ಪಕ್ಕದಲ್ಲೇ 2009ರಲ್ಲಿ ಬಂದ, ಹೊಸ ಕಂಪನಿಗಳಿಗೆ ಆಸರೆ ಕೊಡುವ ಸಿ-ಕ್ಯಾಂಪ್, ಇವುಗಳ ನೆರಳಿನಲ್ಲೇ ಬೆಂಗಳೂರಿನ ಸ್ಟಾರ್ಟಪ್‌ಗಳು ಬೆಳೆದದ್ದು ಈ ಮಾತಿಗೆ ಸಾಕ್ಷಿ. ಹಾಗಾದರೆ ಕೋಲಾರಕ್ಕೆ ಉಳಿದದ್ದು ರೈಲು ಹತ್ತುವುದೊಂದೇ ಎನ್ನುತ್ತದೆ ಈ ಪಂಥ. ಸಂಶೋಧನೆಯ ಮಟ್ಟಿಗೆ ಅದು ನಿಜವಿರಬಹುದು. ತಯಾರಿಕೆ ಮತ್ತು ಪರೀಕ್ಷೆಯ ಕೆಲಸಕ್ಕೆ ಅಷ್ಟು ನಿಜವಲ್ಲ. ನರಸಾಪುರಕ್ಕೆ ಹೋಂಡಾ ಬಂತು, ಫೋನ್ ಕಾರ್ಖಾನೆ ಬಂತು. ನೆಲ, ಹೆದ್ದಾರಿ, ಜನ ಮೂರೂ ಇಲ್ಲಿದ್ದವು, ಅದಕ್ಕೆ ಬಂದವು.

ಕೆಲಸ ಇಲ್ಲಿಯೂ ಇದೆ ಎನ್ನುವವರು

ಈ ಪಂಥ ಚಿಕ್ಕದು, ಬರೆದಿಟ್ಟವರು ಕಡಿಮೆ. ಆದರೆ ನನಗೆ ಹೆಚ್ಚು ಹೊತ್ತು ನಿಲ್ಲಬೇಕೆನಿಸುವುದು ಇಲ್ಲಿಯೇ. ಬಯೋಟೆಕ್ ಎಂದರೆ ಗಾಜಿನ ಕಟ್ಟಡ ಮಾತ್ರವಲ್ಲ ಎಂಬುದು ಇವರ ಮೊದಲ ಮಾತು.

ಈ ಜಿಲ್ಲೆಯ ರೇಷ್ಮೆಯನ್ನೇ ತೆಗೆದುಕೊಳ್ಳಿ. ಮೊಟ್ಟೆ ತಯಾರಿಸುವ ಕೇಂದ್ರದಲ್ಲಿ ಚಿಟ್ಟೆ ಮೊಟ್ಟೆಯಿಟ್ಟ ಮೇಲೆ ಆ ತಾಯಿಚಿಟ್ಟೆಯನ್ನು ಅರೆದು, ಒಂದು ಹನಿ ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೊಳೆಯುವ, ಅಕ್ಕಿಕಾಳಿನಾಕಾರದ ಬೀಜಾಣುಗಳು ಕಂಡರೆ ಅದು ಪೆಬ್ರಿನ್, ಆ ಮೊಟ್ಟೆಗಳನ್ನು ನಾಶ ಮಾಡಬೇಕು. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ರೇಷ್ಮೆ ಉದ್ಯಮ ನೆಲಕಚ್ಚುತ್ತಿದ್ದಾಗ ಲೂಯಿ ಪಾಶ್ಚರ್ ರೂಢಿಗೆ ತಂದ ವಿಧಾನವಿದು, ಇಂದಿಗೂ ನಡೆದಿದೆ. ಕೆಲಸ ಕೇಳುವುದು ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕಣ್ಣು ಮಿಟುಕಿಸದೆ ಕೂರುವ ತಾಳ್ಮೆ, ಪ್ರತಿ ಗಾಜಿಗೂ ಸಂಖ್ಯೆ, ಪ್ರತಿ ಸಂಖ್ಯೆಗೂ ದಾಖಲೆ. ಕ್ಯೂಸಿ ಮೈಕ್ರೊಬಯಾಲಜಿ ಎಂದು ಬೊಮ್ಮಸಂದ್ರದಲ್ಲಿ ಕರೆಯುವ ಕೆಲಸಕ್ಕೂ ಇದಕ್ಕೂ ಸ್ವಭಾವದಲ್ಲಿ ವ್ಯತ್ಯಾಸ ಕಡಿಮೆ. ಹಾಲುತೊಂಡೆ, ಸುಣ್ಣಕಟ್ಟು ಎಂದು ರೈತರು ಕರೆಯುವ ರೋಗಗಳ ಹಿಂದೆ ವೈರಸ್ಸೂ ಶಿಲೀಂಧ್ರವೂ ಇವೆ. ಕೇಂದ್ರ ರೇಷ್ಮೆ ಮಂಡಳಿಯ ರೇಷ್ಮೆ ಜೈವಿಕ ತಂತ್ರಜ್ಞಾನ ಪ್ರಯೋಗಾಲಯ ಸರ್ಜಾಪುರ ರಸ್ತೆಯ ಕೊಡತಿಯಲ್ಲಿದೆ, ಮಾಲೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ.

ಟೊಮೆಟೊ ಇನ್ನೊಂದು. ಕೋಲಾರದ ಎಪಿಎಂಸಿ ದೇಶದ ಅತಿದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಎಲೆ ಮುದುರುವ ರೋಗ ವೈರಸ್ಸಿನಿಂದ ಬರುತ್ತದೆ, ಹರಡುವುದು ಬಿಳಿನೊಣ. ಅದನ್ನು ಶಿಲೀಂಧ್ರವೆಂದು ತಿಳಿದು ತಪ್ಪು ಔಷಧ ಹೊಡೆದರೆ ದುಡ್ಡೂ ಹೋಯಿತು, ಗಿಡವೂ ಹೋಯಿತು. ಎಲೆಯೊಂದನ್ನು ತಂದುಕೊಟ್ಟರೆ ಇದು ಇಂಥ ರೋಗ ಎಂದು ಪಿಸಿಆರ್‌ನಿಂದ ಹೇಳುವ ಲ್ಯಾಬ್ ಹೋಬಳಿಗೊಂದು ಇದ್ದರೆ? ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹೊಲದವರೆಗೆ ಬಂದಿದೆ. ಲ್ಯಾಬ್ ಇನ್ನೂ ಹೊಲದವರೆಗೆ ಬಂದಿಲ್ಲ. ಶ್ರೀನಿವಾಸಪುರದ ಮಾವಿಗೆ ಹೊಗಳಗೆರೆಯಲ್ಲಿ ಸಂಶೋಧನಾ ಕೇಂದ್ರವಿದೆ, ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ.

ನೀರಿನ ವಿಷಯ ಇನ್ನೂ ಗಂಭೀರ. 2018ರ ಜೂನ್‌ನಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆ. ಯೋಜನೆ ದಿನಕ್ಕೆ 440 ದಶಲಕ್ಷ ಲೀಟರಿನದು. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಎರಡನೇ ಹಂತದ ಶುದ್ಧೀಕರಣ ಸಾಕೆ, ಮೂರನೆಯದು ಬೇಕೆ ಎಂಬ ವಾದ ನ್ಯಾಯಾಲಯದವರೆಗೆ ಹೋಯಿತು. ಕೊಳವೆಬಾವಿ ತುಂಬಿತೆಂದು ಸಂತೋಷಪಟ್ಟವರಿದ್ದಾರೆ, ಭಯಪಟ್ಟವರೂ ಇದ್ದಾರೆ. ಎರಡೂ ಕಡೆಯವರಿಗೆ ಬೇಕಾದದ್ದು ನಂಬಬಹುದಾದ ಪರೀಕ್ಷೆ, ಊರಿಂದೂರಿಗೆ, ತಿಂಗಳಿಂದ ತಿಂಗಳಿಗೆ. ಅದನ್ನು ಮಾಡುವ ಕೈಗಳು ಇದೇ ಜಿಲ್ಲೆಯ ಕಾಲೇಜುಗಳಲ್ಲಿ ಪದವಿ ಹಿಡಿದು ಕೂತಿವೆ. ಹಾಲು ಒಕ್ಕೂಟದ ಗುಣಮಟ್ಟದ ಲ್ಯಾಬು, ಟಮಕದ ಜಾಲಪ್ಪ ಆಸ್ಪತ್ರೆ ಮತ್ತು ದೇವರಾಜ ಅರಸು ವೈದ್ಯಕೀಯ ಸಂಸ್ಥೆಯ ಅಣು ತಳಿವಿಜ್ಞಾನ ವಿಭಾಗ, ಇವೂ ಜೀವವಿಜ್ಞಾನದ ಜಾಗಗಳೇ.

ಈ ಪಂಥದ ದೌರ್ಬಲ್ಯವನ್ನೂ ಹೇಳಬೇಕು. ಇಲ್ಲಿರುವುದು ಹೆಚ್ಚಾಗಿ ಕೆಲಸದ ಅಗತ್ಯ, ಹುದ್ದೆಯಲ್ಲ. ಅಗತ್ಯವನ್ನು ಹುದ್ದೆಯಾಗಿಸಲು ಸಂಬಳ ಕೊಡುವವರು ಬೇಕು. ಸರ್ಕಾರಿ ಲ್ಯಾಬುಗಳಲ್ಲಿ ಖಾಯಂ ನೇಮಕಾತಿ ಅಪರೂಪ, ಹೊರಗುತ್ತಿಗೆಯದೇ ರಾಜ್ಯ.

ಇತ್ಯರ್ಥವಾಗದೆ ಉಳಿದದ್ದು

ಎಲ್ಲ ವಾದಗಳನ್ನೂ ಪಕ್ಕಪಕ್ಕದಲ್ಲಿಟ್ಟರೆ ಜಗಳ ಒಂದು ಕಡೆ ಬಂದು ಸೇರುತ್ತದೆ, ಓದು ಮುಗಿದ ಮೇಲಿನ ಮೊದಲ ಹನ್ನೆರಡು ತಿಂಗಳಿಗೆ. ಕೈ ಪಳಗುವುದು, ಪರಿಚಯ ಬೆಳೆಯುವುದು, ಭಾಷೆ ಸಡಿಲವಾಗುವುದು ಎಲ್ಲ ಆ ವರ್ಷದಲ್ಲೇ. ಆ ವರ್ಷದ ಖರ್ಚು ಯಾರು ಹೊರಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅಪ್ರೆಂಟಿಸ್ ಕಾಯ್ದೆ 1961ರದು. 2019ರ ನಿಯಮದಂತೆ 30 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಎಂದು ಆಗ ಗೊತ್ತುಮಾಡಿದರು. ಮನೆಯಿಂದ ಹೋಗಿ ಬರುವವರಿಗೆ ಅದು ಸಾಕಾಗಬಹುದು. ಬೊಮ್ಮಸಂದ್ರದಲ್ಲಿ ಬಾಡಿಗೆ ಕೊಟ್ಟು ಇರುವವರಿಗೆ ಸಾಲದು. ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಪಡೆದವರಿಗೆ 2023ರಿಂದ ತಿಂಗಳಿಗೆ 37,000 ಸಿಗುತ್ತದೆ. ಸಂಶೋಧನೆಯ ಕಡೆ ಹೊರಟವರ ಮೊದಲ ವರ್ಷಕ್ಕೆ ದೇಶ ಕೊಡುವ ಬೆಲೆಗೂ, ಕಾರ್ಖಾನೆಯ ಕಡೆ ಹೊರಟವರ ಮೊದಲ ವರ್ಷಕ್ಕೆ ಕೊಡುವ ಬೆಲೆಗೂ ಇರುವ ಅಂತರವನ್ನು ಯಾರೂ ಸಮರ್ಥಿಸಿಲ್ಲ, ಪ್ರಶ್ನಿಸಿಯೂ ಇಲ್ಲ. ರಾಜ್ಯ ಸರ್ಕಾರದ 2023ರ ಯುವನಿಧಿ ಯೋಜನೆ ಕೆಲಸವಿಲ್ಲದ ಪದವೀಧರರಿಗೆ ತಿಂಗಳಿಗೆ 3,000 ಕೊಡುತ್ತದೆ. ಅದೇ ಹಣವನ್ನು ಅಪ್ರೆಂಟಿಸ್ ಭತ್ಯೆಗೆ ಸೇರಿಸಬಹುದೇ, ಸೇರಿಸಿದರೆ ಕಂಪನಿಗಳು ತಮ್ಮ ಪಾಲನ್ನು ಕಡಿತ ಮಾಡುತ್ತವೆಯೇ ಎಂಬ ಚರ್ಚೆ ಶುರುವಾಗಬೇಕಿದೆ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ಬಯೋಇ3' ನೀತಿಯಲ್ಲಿ ಮೂರನೆಯ 'ಇ' ಉದ್ಯೋಗದ್ದು. ಆ ಉದ್ಯೋಗ ಎಷ್ಟು, ಯಾವ ದರ್ಜೆಯದು, ಯಂತ್ರಗಳು ಪಿಪೆಟ್ ಹಿಡಿಯಲು ಕಲಿತ ಮೇಲೆ ಉಳಿಯುವುದೆಷ್ಟು ಎಂಬುದು ಮುಂದಿನ ಪ್ರಶ್ನೆ. ಮೂರು ವರ್ಷದ ಪದವಿಯನ್ನು ಕೆಲಸಕ್ಕೆ ಹದಗೊಳಿಸುವ ತರಬೇತಿಯಾಗಿ ಮಾಡಬೇಕೇ, ವಿಜ್ಞಾನವಾಗಿ ಉಳಿಸಬೇಕೇ ಎಂಬುದರಲ್ಲಿ ಅಧ್ಯಾಪಕರಲ್ಲೇ ಒಮ್ಮತವಿಲ್ಲ. ಡಾರ್ವಿನ್ ಪಾಠದ ಗಂಟೆಗಳನ್ನು ಕಡಿದು ಬ್ಯಾಚ್ ದಾಖಲೆ ಕಲಿಸುವುದು ನನಗೆ ಒಪ್ಪಿಗೆಯಿಲ್ಲ, ಎರಡಕ್ಕೂ ಜಾಗ ಮಾಡುವುದು ಹೇಗೆಂಬುದಕ್ಕೆ ಸಿದ್ಧ ಉತ್ತರವೂ ನನ್ನಲ್ಲಿಲ್ಲ.

ಕೊನೆಯದು, ಚಿಕ್ಕದಾಗಿ ಕಾಣುವ ಪ್ರಶ್ನೆ. ಶ್ರೀನಿವಾಸಪುರದ ಹುಡುಗಿಯೊಬ್ಬಳು ಮನೆಗೆ ಹತ್ತಿರವಿರುವ ಮೊಟ್ಟೆ ಕೇಂದ್ರದಲ್ಲೋ ಹಾಲಿನ ಲ್ಯಾಬಿನಲ್ಲೋ ಕೆರೆಯ ನೀರು ಪರೀಕ್ಷಿಸುವ ಕಡೆಯೋ ಒಂದು ವರ್ಷ ದುಡಿದು, ವೈಟ್‌ನರ್ ಮುಟ್ಟದೆ, ಒಂದೇ ಗೆರೆ ಎಳೆದು ಸಹಿ ಹಾಕಿ ದಾಖಲೆ ಇಟ್ಟು, ಆಮೇಲೆ ಬೊಮ್ಮಸಂದ್ರದ ಕಂಪನಿಗೆ ಅರ್ಜಿ ಹಾಕುತ್ತಾಳೆ ಎಂದಿಟ್ಟುಕೊಳ್ಳಿ. ಅರ್ಜಿಯಲ್ಲಿ 'ಸಂಬಂಧಪಟ್ಟ ಅನುಭವ' ಎಂಬ ಕಲಂ ಇದೆ. ಅಲ್ಲಿ ಅವಳು ಒಂದು ವರ್ಷ ಎಂದು ಬರೆಯಬಹುದೇ, ಸೊನ್ನೆ ಎಂದು ಬರೆಯಬೇಕೇ? ಆ ಕಲಮಿನಲ್ಲಿ ಯಾವುದನ್ನು ಒಪ್ಪುತ್ತೇವೆಂದು ಒಂದು ಕಂಪನಿಯಾದರೂ ಕೋಲಾರದ ಕಾಲೇಜುಗಳಿಗೆ ಬರೆದು ಕೊಡಬೇಕಾಗಿದೆ.